ನಾನು ಆರನೇ ಮಂಚ ಹಿಡಿದ ದಿನ

ನಮ್ಮ ವೃದ್ಧಾಶ್ರಮ ಮೊದಲು ಅಕ್ಕಿ ಗಿರಣಿಯಾಗಿತ್ತು. ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳು ಇವತ್ತಿಗೂ ನಮ್ಮ ಗೇಟಿನ ಮುಂದೆ "ಗಿರಣಿ, ಗಿರಣಿ" ಎಂದೇ ಕೂಗುತ್ತಾರೆ. ಯಂತ್ರಗಳನ್ನು ಕಿತ್ತು, ಗೋಡೆಗೆ ತಿಳಿ ಹಸಿರು ಬಣ್ಣ ಬಳಿದು, ಉದ್ದನೆಯ ಹಾಲಿನಲ್ಲಿ ಎರಡು ಸಾಲು ಮಂಚ ಹಾಕಿದ್ದರು. ಚಾವಣಿ ಮಾತ್ರ ಗಿರಣಿಯದೇ, ಅಷ್ಟೇ ಎತ್ತರ. ಈ ತುದಿಯಲ್ಲಿ ಯಾರಾದರೂ ಕೆಮ್ಮಿದರೆ ಆ ಸದ್ದು ಮೇಲೆ ಹೋಗಿ ಒಂದು ಸುತ್ತು ಹಾಕಿ ಆ ತುದಿಯವರ ತಲೆಯ ಮೇಲೆ ಇಳಿಯುತ್ತಿತ್ತು. ಹೊಸದಾಗಿ ಬಂದವರು ಮೊದಲ ವಾರ ತಮ್ಮ ಪಕ್ಕದಲ್ಲಿ ಕಾಣದ ಯಾರೋ ಇದ್ದಾರೆ ಎಂದೇ ತಿಳಿಯುತ್ತಿದ್ದರು.

ನಾನು ಅಲ್ಲಿ ಮೇಲ್ವಿಚಾರಕಿ. ಅದಕ್ಕೆ ಮೊದಲು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹಾಗಾಗಿ ಎಲ್ಲರಿಗೂ ನಾನು ಸಿಸ್ಟರ್. ಹನ್ನೊಂದು ಜನ ಹಿರಿಯರು, ಒಬ್ಬಳು ಆಯಾ, ಒಬ್ಬ ಅಡುಗೆಯಣ್ಣ, ಮತ್ತು ನಾನು. ನನ್ನ ಕೆಲಸದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ಬೆಳಿಗ್ಗೆ ಐದಕ್ಕೆ ಲೈಟು, ಐದೂಕಾಲಿಗೆ ಸ್ನಾನ ಶುರು, ಆರಕ್ಕೆ ಚಹ, ಏಳಕ್ಕೆ ರಿಜಿಸ್ಟರು. ಯಾವುದೂ ಎರಡು ನಿಮಿಷ ಆಚೀಚೆ ಆಗುತ್ತಿರಲಿಲ್ಲ.

ಆ ರಿಜಿಸ್ಟರಿನ ಬಗ್ಗೆ ಹೇಳಲೇಬೇಕು. ಜ್ವರ, ಬಿಪಿ, ಊಟ, ನಿದ್ದೆ ಆದಮೇಲೆ ಕೊನೆಯಲ್ಲಿ ಮಲವಿಸರ್ಜನೆ ಎಂಬ ಒಂದು ಕಾಲಂ ಇತ್ತು. ವಯಸ್ಸಾದವರಲ್ಲಿ ಅದು ಮುಖ್ಯವಾದ ವಿಷಯ, ನಾನು ತಮಾಷೆಗೆ ಹೇಳುತ್ತಿಲ್ಲ. ಆದರೆ ನಾನು ಕೇಳುತ್ತಿದ್ದ ರೀತಿ ಹೀಗಿತ್ತು. ಹಾಲಿನ ನಡುವೆ ಪೆನ್ನು ಹಿಡಿದು ನಿಂತು, "ಒಂದನೇ ಮಂಚ, ಆಯ್ತಾ?" ಎನ್ನುತ್ತಿದ್ದೆ. "ಆಯ್ತ್ರೀ" ಎಂದು ಉತ್ತರ. "ಎರಡು?" "ಆತವ್ವ." "ಮೂರು?" ಮೂರನೆಯವರು ಸುಮ್ಮನಿರುತ್ತಿದ್ದರು. "ಮೂರು, ನಿನ್ನೆನೂ ಆಗಿಲ್ಲ ಅಲ್ವಾ?" ಇದೆಲ್ಲವನ್ನೂ ಚಾವಣಿ ಎರಡೆರಡು ಸಲ ಹೇಳುತ್ತಿತ್ತು. ಅದೇ ಹೊತ್ತಿಗೆ ಹಾಲಿನವನು ಬಾಗಿಲಲ್ಲಿ ಕ್ಯಾನು ಹಿಡಿದು ನಿಂತಿರುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ. ದಿನಾ ಕೇಳಿ ಕೇಳಿ ಅವನಿಗೂ ಎಲ್ಲರ ಲೆಕ್ಕ ಬಾಯಿಪಾಠವಾಗಿತ್ತು. "ಅಜ್ಜಾರ, ಮೂರು ದಿನ ಆತಲ್ಲ, ಇವತ್ತರ ಆತೇನ್ರಿ?" ಎಂದು ನನಗಿಂತ ಮೊದಲೇ ವಿಚಾರಿಸುತ್ತಿದ್ದ. ಅದನ್ನು ನಾನು ಅವನ ಕಾಳಜಿ ಎಂದುಕೊಂಡಿದ್ದೆ.

ಒಮ್ಮೆ ನಮ್ಮಂಥ ಆಶ್ರಮಗಳಲ್ಲಿ ಕೆಲಸ ಮಾಡುವವರಿಗೆಂದು ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ಹೋದೆ. ನನ್ನ ಮಗಳ ವಯಸ್ಸಿನ ಒಬ್ಬ ಡಾಕ್ಟರಮ್ಮ ಪಾಠ ಮಾಡಿದಳು. "ನೀವು ಹಿರಿಯರಿಗೆ ಏನು ಬೇಕು ಅಂತ ನೀವೇ ತೀರ್ಮಾನ ಮಾಡ್ತೀರಿ. ಒಂದ್ಸಲ ಅವರನ್ನೇ ಕೇಳಿ ನೋಡಿ" ಎಂದಳು. ಸರಿಯಾದ ಮಾತು ಅನ್ನಿಸಿತು. ಒಂದು ಫೈಲು, ಒಂದು ಪೆನ್ನು, ಊಟಕ್ಕೆ ಕೊಟ್ಟ ಜಹಾಂಗೀರಿನ ಅರ್ಧ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ವಾಪಸ್ ಬಂದೆ.

ಮರುದಿನ ತಿಂಡಿ ಆದಮೇಲೆ ಎಲ್ಲರನ್ನೂ ಕೂರಿಸಿ, "ನಿಮಗೆ ಇಲ್ಲಿ ಏನು ಬದಲಾಗಬೇಕು? ಮನಸ್ಸು ಬಿಚ್ಚಿ ಹೇಳಿ" ಎಂದೆ.

ಕೊನೆಗೆ ಒಬ್ಬ ಅಜ್ಜಿ, "ಎಲ್ಲಾ ಚಲೋ ಐತವ್ವ" ಎಂದಳು. ಉಳಿದವರು ತಲೆ ಅಲ್ಲಾಡಿಸಿದರು. ಇನ್ನೊಬ್ಬರು ಗಾಬರಿಯಿಂದ, "ಯಾಕ ಸಿಸ್ಟರ್, ಯಾರರ ಏನರ ಅಂದ್ರೇನು?" ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಎದುರಿಗೆ ಹೇಳಲು ಸಂಕೋಚ ಇರಬಹುದು ಎಂದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಸೀಳು ಮಾಡಿ, ಸಲಹೆ ಪೆಟ್ಟಿಗೆ ಎಂದು ಬರೆದು ಬಾಗಿಲ ಹತ್ತಿರ ಇಟ್ಟೆ. ವಾರ ಕಳೆದು ತೆಗೆದರೆ ಒಳಗೆ ಪೆಪ್ಪರ್‌ಮೆಂಟಿನ ಕಾಗದಗಳು, ಒಂದು ಸೇಫ್ಟಿ ಪಿನ್ನು, ಮತ್ತು ಒಂದು ಹಿಡಿಯಷ್ಟು ಮಾತ್ರೆ. ನಾನೇ ಕೈಯಾರೆ ಹಂಚಿದ ಮಾತ್ರೆಗಳು. ನುಂಗಿದಂತೆ ನಟಿಸಿ, ನಾನು ಆಚೆ ಹೋದಮೇಲೆ ತಂದು ಈ ಡಬ್ಬಿಗೆ ಹಾಕಿದ್ದರು. ಅವುಗಳ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ಸಿಕ್ಕಿತು.

ಬರೆದವರು ಸರ್ವೆಯರ್ ಅಜ್ಜ ಎಂದು ಅಕ್ಷರ ನೋಡಿದರೇ ತಿಳಿಯುತ್ತಿತ್ತು. ಸೊರಬ ತಾಲ್ಲೂಕಿನ ಹೊಲ ತೋಟಗಳನ್ನೆಲ್ಲ ಸರಪಳಿ ಹಿಡಿದು ಅಳೆದು ನಿವೃತ್ತರಾದವರು. ಈಗ ಮಂಡಿ ನೋವು, ಕೋಲು ಹಿಡಿದು ನಡೆಯುತ್ತಿದ್ದರು. ಅವರದು ಏಳನೇ ಮಂಚ. ಅರ್ಜಿ ಹೀಗಿತ್ತು: "ವಿಷಯ: ಮಂಚ ನಂಬರು ಆರು ಮತ್ತು ಏಳರ ನಡುವಿನ ಗಡಿ ತಕರಾರು ಹಾಗೂ ಇತರೆ. ಮಾನ್ಯರೆ, ಆರನೇ ಮಂಚದವರ ಚೊಂಬು, ಚಪ್ಪಲಿ ಹಾಗೂ ಒಣಗಿಸಿದ ಸೀರೆ ನನ್ನ ಹದ್ದಿನೊಳಗೆ ಒತ್ತುವರಿಯಾಗಿರುತ್ತವೆ. ತಾವು ಸ್ಥಳ ಪರಿಶೀಲನೆ ಮಾಡದೆ ಎಲ್ಲ ವಿಷಯದಲ್ಲೂ ತೀರ್ಮಾನ ಕೊಡುತ್ತಿದ್ದೀರಿ. ಆದ್ದರಿಂದ ಖುದ್ದು ಸ್ಥಳಕ್ಕೆ ಬಂದು ಮಲಗಿ ನೋಡತಕ್ಕದ್ದು."

ಕಾಗದ ಹಿಡಿದು ಅವರ ಮಂಚದ ಹತ್ತಿರ ಹೋದೆ.

"ಮಲಗಿ ನೋಡೋದು ಅಂದ್ರೆ ಏನು ಅಜ್ಜಾರೆ?"

"ಬರ್ದಿದೀನಲ್ಲ. ಮಲಗೋದು ಅಂದ್ರೆ ಮಲಗೋದು."

"ನಾನು ದಿನಾ ಇಲ್ಲೇ ಇರ್ತೀನಲ್ಲ."

"ನೀವು ಆರು ವರ್ಷದಿಂದ ನಿಂತ್ಕಂಡು ನೋಡ್ತಿದೀರಿ ಸಿಸ್ಟರ್. ನಾವು ಮಲ್ಕಂಡು ನೋಡ್ತಿದೀವಿ. ನಾನು ಜಾಗ ತುಳೀದೆ ಒಂದು ನಕ್ಷೆನೂ ಬರ್ದೋನಲ್ಲ."

ನನಗೆ ನಗು ಬಂತು. ಆರನೇ ಮಂಚದ ಅಜ್ಜಿ ಆಗ ಚಂದ್ರಗುತ್ತಿಯ ಮಗಳ ಮನೆಗೆ ಹೋಗಿದ್ದರು, ಬರುವುದು ಇನ್ನೂ ಒಂದು ವಾರ. "ಆಗ್ಲಿ, ಒಂದು ದಿನ ಮಲಗಿ ನೋಡ್ತೀನಿ" ಎಂದುಬಿಟ್ಟೆ. ಮಾತಿಗೆ ಹೇಳಿದ್ದು. ಆದರೆ ಹತ್ತನೇ ಮಂಚದಲ್ಲಿ ಟೀಚರಮ್ಮ ಇದ್ದರು.

ಟೀಚರಮ್ಮ ಶಿಕಾರಿಪುರದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಎಂಬತ್ತೊಂದು ವರ್ಷ, ಕಿವಿ ಚುರುಕು, ಮಾತು ಪಠ್ಯಪುಸ್ತಕದ ಕನ್ನಡ. ಚಾವಣಿ ನನ್ನ ಮಾತನ್ನು ಅವರಿಗೆ ತಲುಪಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ್ದರು. ಬರುವ ಬುಧವಾರ ಬೆಳಿಗ್ಗೆ ಐದರಿಂದ ಸಂಜೆ ನಾಲ್ಕರವರೆಗೆ ಸಿಸ್ಟರ್, ಆಯಾ, ಅಡುಗೆಯವರು ನಿವಾಸಿಗಳು, ನಿವಾಸಿಗಳೆಲ್ಲ ಸಿಬ್ಬಂದಿ. ಮೇಲ್ವಿಚಾರಣೆ ಟೀಚರಮ್ಮ. ಅಳತೆ ಮತ್ತು ದಾಖಲೆ ಸರ್ವೆಯರ್ ಅಜ್ಜ. ಆರೈಕೆ ಬಳೆ ಅಜ್ಜಿ. ಈ ಬಳೆ ಅಜ್ಜಿ ಆನವಟ್ಟಿಯವಳು, ನಲವತ್ತು ವರ್ಷ ಸಂತೆ ಸಂತೆ ತಿರುಗಿ ಬಳೆ ತೊಡಿಸಿದವಳು. ಊಟ ಬಡಿಸುವುದಕ್ಕೆ, ತಿನ್ನಿಸುವುದಕ್ಕೆ ಗಟ್ಟಿಮುಟ್ಟಾದ ಇನ್ನೊಬ್ಬ ಅಜ್ಜಿ.

ನಾನು ಎರಡು ಷರತ್ತು ಹಾಕಿದೆ. ಗ್ಯಾಸಿನ ಒಲೆಯ ಹತ್ತಿರ ಅಡುಗೆಯಣ್ಣನ ಹೆಂಡತಿಯೇ ನಿಲ್ಲಬೇಕು, ಔಷಧಿ ಬೀರುವಿನ ಕೀಲಿ ನನ್ನ ಸೊಂಟದಲ್ಲೇ ಇರಬೇಕು. ಟೀಚರಮ್ಮ ಒಪ್ಪಿದರು. "ಆದರೆ ನೀವು ಹಟ ಮಾಡಬಾರದು" ಎಂದರು.

ಬುಧವಾರ ನಾನು ಆರನೇ ಮಂಚದಲ್ಲಿದ್ದೆ. ಅಡುಗೆಯಣ್ಣ ಮತ್ತು ಆಯಾಗೆ ಬಾಗಿಲ ಹತ್ತಿರ ಎರಡು ಮಡಚುವ ಮಂಚ ಹಾಕಿದ್ದರು. ಬೆಳಿಗ್ಗೆ ಐದಕ್ಕೆ ಲೈಟು ಹತ್ತಿತು. ಹಾಲಿನ ಟ್ಯೂಬ್‌ಲೈಟು ಸರಿಯಾಗಿ ದಿಂಬಿನ ಮೇಲೇ ಇದೆ ಎಂದು ಆರು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಾಯಿತು. ಕಣ್ಣು ಬಿಟ್ಟರೆ ಬಿಳಿ ಬೆಳಕು, ಬೆಳಕಿನ ಪಕ್ಕದಲ್ಲಿ ಟೀಚರಮ್ಮನ ಮುಖ.

"ಏಳಿ, ಏಳಿ. ಸ್ನಾನದ ಸಮಯ."

"ಟೀಚರಮ್ಮ, ಇನ್ನೊಂದು ಐದು ನಿಮಿಷ."

ಅವರು ನನ್ನ ತಲೆಯ ಮೇಲಿಂದ ಸರ್ವೆಯರ್ ಅಜ್ಜನಿಗೆ, "ಇವರು ಇವತ್ತು ಸ್ವಲ್ಪ ಹಟ ಮಾಡುತ್ತಿದ್ದಾರೆ" ಎಂದರು.

"ವಯಸ್ಸಾಯ್ತಲ್ರೀ" ಎಂದು ಅಜ್ಜ ಬರೆದುಕೊಂಡರು.

ಎರಡೂ ನಮ್ಮದೇ ಮಾತು. ದಿನಾ ಆಯಾಗೆ ನಾನು ಹೇಳುವ ಮಾತು, ಅವಳು ನನಗೆ ಹೇಳುವ ಉತ್ತರ. ಅದನ್ನು ಇಷ್ಟು ಜನ ಕೇಳಿಸಿಕೊಂಡಿದ್ದಾರೆ ಎಂದು ನನಗೆ ತಿಳಿದಿರಲಿಲ್ಲ.

ಸ್ನಾನ ನಾನೇ ಮಾಡುತ್ತೇನೆಂದು ವಾದಿಸಿ ಗೆದ್ದೆ. ಆದರೆ ಚಿಲಕ ಹಾಕಲು ಬಿಡಲಿಲ್ಲ. ಬಿದ್ದರೆ ಕಷ್ಟ ಎಂದು ಬಚ್ಚಲಿಗೆ ಒಳಚಿಲಕ ಹಾಕಬಾರದೆಂಬ ನಿಯಮ ಮಾಡಿದವಳು ನಾನೇ. ಬಳೆ ಅಜ್ಜಿ ಬಾಗಿಲ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, "ಆತೇನವ್ವ?" ಎಂದು ಕೇಳುತ್ತಿದ್ದಳು. ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ಮೂರು ಸಲ. ನಾಲ್ಕನೆಯ ಸಲಕ್ಕೆ, "ಇನ್ನೂ ಇಲ್ಲ ಅಜ್ಜಿ" ಎಂದೆ. "ಲಗೂನ ಮಾಡು ತಂಗಿ, ಹಿಂದ ಇನ್ನೂ ಮಂದಿ ಅದಾರ" ಎಂದಳು. ಹಿಂದೆ ಇದ್ದದ್ದು ಅಡುಗೆಯಣ್ಣ ಒಬ್ಬನೇ. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಬಲಿ ಕೊಡಲು ತಂದವನ ಹಾಗೆ ನಿಂತಿದ್ದ.

ಏಳು ಗಂಟೆಗೆ ಟೀಚರಮ್ಮ ಹಾಲಿನ ನಡುವೆ ಬಂದು ನಿಂತರು. ಕೈಯಲ್ಲಿ ನನ್ನ ರಿಜಿಸ್ಟರು. ಬಾಗಿಲಲ್ಲಿ ಹಾಲಿನವನು ಕ್ಯಾನು ಇಳಿಸುತ್ತಿದ್ದ.

"ಆರನೇ ಮಂಚ. ಆಯಿತೇ?"

ನಾನು ಮೆಲ್ಲಗೆ, "ಆಯ್ತು" ಎಂದೆ.

"ಗಟ್ಟಿಯಾಗಿ ಹೇಳಿ. ಕೇಳಿಸುತ್ತಿಲ್ಲ."

"ಆಯ್ತು."

"ಗಟ್ಟಿಯೋ, ತೆಳುವೋ?"

ಚಾವಣಿ ಅದನ್ನು ಎರಡು ಸಲ ಕೇಳಿತು. ಹಾಲಿನವನು ಅಳತೆಯ ಲೋಟ ಕೈಯಲ್ಲೇ ಹಿಡಿದು ನನ್ನ ಉತ್ತರಕ್ಕೆ ಕಾದ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ, ಆರು ವರ್ಷ ಇಲ್ಲಿ, ಈ ಪ್ರಶ್ನೆಯನ್ನು ನಾನು ಎಷ್ಟು ಜನಕ್ಕೆ ಕೇಳಿದ್ದೇನೋ. ನನ್ನನ್ನು ಯಾರೂ ಕೇಳಿರಲಿಲ್ಲ. ಕಿವಿಯವರೆಗೆ ಬಿಸಿ ಏರಿತು. ಏನು ಹೇಳಿದೆನೋ ನೆನಪಿಲ್ಲ. ಟೀಚರಮ್ಮ ಏನನ್ನೋ ಗುರುತು ಹಾಕಿಕೊಂಡು ಮುಂದೆ ಹೋದರು. ಅಡುಗೆಯಣ್ಣ ತನ್ನ ಸರದಿ ಬರುವ ಮೊದಲೇ ಕಂಬಳಿಯೊಳಗಿಂದ "ಆಯ್ತ್ರೀ, ಆಯ್ತ್ರೀ, ಎಲ್ಲಾ ಸರಿ ಐತ್ರೀ" ಎಂದು ಕೂಗಿದ. ಆಯಾ ನಗಲಿಕ್ಕೆ ಶುರು ಮಾಡಿದವಳು ನಿಲ್ಲಿಸಲಾಗದೆ ದಿಂಬು ಕಚ್ಚಿಕೊಂಡಳು. ಅವಳ ಹೆಸರಿನ ಮುಂದೆ ಟೀಚರಮ್ಮ "ಗಮನಿಸಬೇಕು" ಎಂದು ಬರೆದರು.

ತಿಂಡಿಗೆ ಉಪ್ಪಿಟ್ಟು. ಮೆಣಸಿನಕಾಯಿ ಇಲ್ಲದ, ಚಮಚ ನಿಲ್ಲದಷ್ಟು ಮೆತ್ತಗಿನ ಉಪ್ಪಿಟ್ಟು. ಹಿರಿಯರ ಹೊಟ್ಟೆಗೆಂದು ಅಡುಗೆಯಣ್ಣ ವರ್ಷಗಟ್ಟಲೆ ಮಾಡಿಕೊಂಡು ಬಂದದ್ದು. ತಾನು ಮಾತ್ರ ಮನೆಯಲ್ಲೇ ತಿಂದು ಬರುತ್ತಿದ್ದ. ಗಟ್ಟಿಮುಟ್ಟಾದ ಅಜ್ಜಿ ಅವನ ಕೊರಳಿಗೆ ಟವೆಲ್ಲು ಸಿಕ್ಕಿಸಿ ಎರಡು ಚಮಚ ಬಾಯಿಗೆ ಹಾಕಿದಳು. ಮೂರನೆಯದಕ್ಕೆ ಅವನು ಕೈ ಅಡ್ಡ ಹಿಡಿದ.

"ಉಪ್ಪಿನಕಾಯಿ ಇಲ್ಲೇನಬೇ?"

"ನಿಂಗ ಬಿಪಿ ಐತಿ."

"ನಂಗ ಎಲ್ಲಿ ಬಿಪಿ ಐತಬೇ?"

"ಬರ್ತತಿ" ಎಂದು ಮೂರನೇ ಚಮಚ ಹಾಕಿದಳು.

ಈ ಗಲಾಟೆಯ ನಡುವೆ ನಾನು ಮರೆಯಲಾಗದ ಒಂದು ಸಣ್ಣ ಸಂಗತಿ ನಡೆಯಿತು. ನನ್ನನ್ನು ಮಂಚದಿಂದ ಕುರ್ಚಿಗೆ ಕೂರಿಸಬೇಕಿತ್ತು. ನಾವು ಅದನ್ನು ಮಾಡುವ ಕ್ರಮ ಎಂದರೆ ಮಣಿಕಟ್ಟು ಹಿಡಿದು, "ಏಳಿ" ಎಂದು ಎಳೆಯುವುದು. ಎಷ್ಟೋ ಜನರ ಮಣಿಕಟ್ಟಿನ ಮೇಲೆ ನೀಲಿ ಗುರುತು ಇರುತ್ತಿತ್ತು. ನಾನು ರಿಜಿಸ್ಟರಿನಲ್ಲಿ ಚರ್ಮ ತೆಳು ಎಂದು ಬರೆಯುತ್ತಿದ್ದೆ. ಬಳೆ ಅಜ್ಜಿ ಬಂದು ಎಳೆಯಲಿಲ್ಲ. ನನ್ನ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಹೆಬ್ಬೆರಳಿನ ಬುಡವನ್ನು ಒತ್ತುತ್ತಾ ಸುಮ್ಮನೆ ಕೂತಳು.

"ಏನ್ ಮಾಡ್ತಿದೀಯಾ ಅಜ್ಜಿ?"

"ಕಾಯಕತ್ತೀನಿ."

"ಯಾಕೆ?"

"ಕೈ ಎಳದ್ರ ಕೈ ಗಟ್ಟಿ ಆಕ್ಕತಿ ತಂಗಿ, ಬಳಿ ಒಡೀತತಿ. ಹಿಡಕೊಂಡು ಬ್ಯಾರೆ ಮಾತು ಆಡಬೇಕು. ತಾನ ಮೆತ್ತಗ ಆಕ್ಕತಿ. ಹೌದು, ನಿನ್ನ ಮಗಳಿಗೆ ಎಷ್ಟು ಮಕ್ಕಳು?"

"ಇಬ್ಬರು" ಎನ್ನುವಷ್ಟರಲ್ಲಿ ನಾನು ಕುರ್ಚಿಯಲ್ಲಿದ್ದೆ. ಹೇಗೆ ಎದ್ದೆ, ಹೇಗೆ ಕೂತೆ, ತಿಳಿಯಲೇ ಇಲ್ಲ. ಆಯಾ ತನ್ನ ಮಂಚದಿಂದ ನಗು ನಿಲ್ಲಿಸಿ ನೋಡುತ್ತಿದ್ದಳು.

ಹನ್ನೊಂದೂವರೆಗೆ ನನ್ನನ್ನು ಮತ್ತೆ ಮಲಗಿಸಿ, ಕೊರಳಿಗೆ ಟವೆಲ್ಲು ಕಟ್ಟಿ, ಗಂಜಿ ಕುಡಿಸಿ ಮುಗಿಸಿದ್ದರಷ್ಟೆ. ಆಗ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ನಮ್ಮ ಸಮಿತಿಯ ಅಧ್ಯಕ್ಷರು. ಶಿಕಾರಿಪುರದ ವಕೀಲರು, ಕುಳ್ಳಗಿನ ಆಳು, ಮೆತ್ತನೆಯ ಮನಸ್ಸಿನವರು. ಜೊತೆಯಲ್ಲಿ ಸೊರಬದ ಕಡೆಯ ದಂಪತಿ. ತಮ್ಮ ಊರಿನಲ್ಲಿ ಇಂಥದ್ದೇ ಒಂದು ಆಶ್ರಮ ತೆರೆಯಬೇಕೆಂದು ನಮ್ಮದನ್ನು ನೋಡಲು ಬಂದವರು. ಅಧ್ಯಕ್ಷರು ಮುಂಚೆ ಫೋನು ಮಾಡಿದ್ದರಂತೆ. ನನ್ನ ಫೋನು ಅವತ್ತು ಟೀಚರಮ್ಮನ ವಶದಲ್ಲಿತ್ತು. ಅವರು ಅದನ್ನು "ಸಂದರ್ಶನದ ವೇಳೆ ಅಲ್ಲ" ಎಂದು ಎತ್ತದೆ ಮುಚ್ಚಿಟ್ಟಿದ್ದರು.

ಅಧ್ಯಕ್ಷರು ಒಳಗೆ ಬಂದು ನನ್ನನ್ನು ನೋಡಿ ಅಲ್ಲೇ ನಿಂತರು.

"ಸಿಸ್ಟರ್, ಏನಾಯ್ತು?"

ನಾನು ಬಾಯಿ ತೆರೆಯುವ ಮೊದಲು ಟೀಚರಮ್ಮ ನಡುವೆ ಬಂದರು. "ಅವರನ್ನು ಮಾತಾಡಿಸಬೇಡಿ, ಈಗಷ್ಟೇ ಊಟ ಆಗಿದೆ. ಏನಿದ್ದರೂ ನನ್ನನ್ನು ಕೇಳಿ."

"ಯಾವಾಗಿಂದ ಹೀಗೆ?"

"ಆರು ವರ್ಷದಿಂದ" ಎಂದರು ಸರ್ವೆಯರ್ ಅಜ್ಜ, ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ.

ಅಧ್ಯಕ್ಷರ ಮುಖ ಬಿಳುಚಿತು. ನನಗೆ ಲಕ್ವ ಹೊಡೆದಿದೆ ಎಂದು ಅವರು ತೀರ್ಮಾನಿಸಿದ್ದರು. ನನ್ನ ಕೈ ತಟ್ಟಿ, ಕಿವಿಯ ಹತ್ತಿರ ಬಗ್ಗಿ, ಆನವಟ್ಟಿಗೆ ಕೇಳುವಷ್ಟು ಜೋರಾಗಿ, "ಹೆದರ್ಕೋಬೇಡಿ, ಎಲ್ಲಾ ಸರಿ ಹೋಗ್ತದೆ" ಎಂದರು. ಆಮೇಲೆ ಟೀಚರಮ್ಮನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಮಾತು ಅರ್ಥ ಆಗುತ್ತಾ ಇವರಿಗೆ?" ಎಂದು ಕೇಳಿದರು.

"ಸರ್, ನಾನು ಚೆನ್ನಾಗಿದ್ದೀನಿ" ಎಂದೆ.

"ಚೆನ್ನಾಗಿದ್ದೀನಿ ಅಂತಿದ್ದಾರೆ" ಎಂದು ಅವರು ಟೀಚರಮ್ಮನಿಗೆ ಹೇಳಿದರು.

"ಎಲ್ಲರೂ ಹಾಗೇ ಹೇಳುವುದು ಸರ್" ಎಂದರು ಟೀಚರಮ್ಮ.

ಎದ್ದು ಕೂತು ವಿವರಿಸೋಣ ಎಂದರೆ ಗಟ್ಟಿಮುಟ್ಟಾದ ಅಜ್ಜಿ ಭುಜ ಹಿಡಿದು ಮಲಗಿಸಿದಳು. ಅಧ್ಯಕ್ಷರು ಡಾಕ್ಟರಿಗೆ ಫೋನು ಹಚ್ಚುತ್ತಿದ್ದರು. ಬಂದಿದ್ದ ಹೆಂಗಸು ಮಾತ್ರ ಸುತ್ತಲೂ ನೋಡಿ, "ಅಲ್ಲಿ ಮೂಲೇಲಿ ಕಂಬಳಿ ಹೊದ್ದು ಮಲಗಿರೋರಿಗೆ ಅಷ್ಟೇನೂ ವಯಸ್ಸಾಗಿಲ್ವಲ್ಲ" ಎಂದಳು. ಅಡುಗೆಯಣ್ಣ ಕಂಬಳಿಯಿಂದ ಒಂದು ಕೈ ಹೊರಗೆ ಹಾಕಿ ನಮಸ್ಕಾರ ಮಾಡಿದ. ಆಗ ಸರ್ವೆಯರ್ ಅಜ್ಜ ಕೋಲೂರಿ ಎದ್ದು, "ಸ್ಥಳ ಪರಿಶೀಲನೆ ನಡೀತಾ ಇದೆ, ತಾವೂ ಕೂತ್ಕಳ್ಳಿ" ಎಂದು ಆದಿಯಿಂದ ಎಲ್ಲ ಹೇಳಿದರು. ಅರ್ಜಿಯ ಪ್ರತಿಯನ್ನೂ ತೋರಿಸಿದರು.

ಅಧ್ಯಕ್ಷರಿಗೆ ಮೊದಲು ಸಿಟ್ಟು ಬಂತು. ಹೊರಗಿನವರ ಮುಂದೆ ಇದೇನು ಎಂದರು. ಟೀಚರಮ್ಮ ಅವರ ಸಿಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಎಂಟನೇ ಮಂಚ ತೋರಿಸಿ, "ಕುಳಿತುಕೊಂಡು ಮಾತನಾಡಿ" ಎಂದರು. ಅಧ್ಯಕ್ಷರು ಒಂದು ಕುಪ್ಪಳಿಸು ಕುಪ್ಪಳಿಸಿ ಮಂಚ ಹತ್ತಿ ಕೂತರು. ಅವರ ಕಾಲು ನೆಲ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಎರಡೂ ಕಾಲು ಗಾಳಿಯಲ್ಲಿ ಆಡಿಸಿದರು. ಮಾತು ಮುಗಿದಮೇಲೆ ಇಳಿಯಲು ನೋಡಿದರು. ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಇದರಿಂದ ಇಳಿಯೋದು ಹೇಗೆ?"

"ಗಂಟೆ ಒತ್ತಬೇಕು" ಎಂದರು ಟೀಚರಮ್ಮ.

"ಗಂಟೆ ಎಲ್ಲಿದೆ?"

"ಅದೋ ಅಲ್ಲಿ, ಬಾಗಿಲ ಪಕ್ಕದ ಗೋಡೆಯ ಮೇಲೆ."

ಅಧ್ಯಕ್ಷರು ಗಂಟೆಯನ್ನು ನೋಡಿದರು, ನೆಲವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಂಚಗಳನ್ನು ಆರಿಸಿ ಹಾಕಿಸಿದವಳು ನಾನು. ಬಗ್ಗದೆ ಕೆಲಸ ಮಾಡಲು ಅನುಕೂಲ ಎಂದು ಎತ್ತರದ್ದೇ ಬೇಕೆಂದಿದ್ದೆ. ಬಗ್ಗುವವರು ನಾವು, ಇಳಿಯುವವರು ಅವರು ಎಂಬುದು ನನಗೆ ಹೊಳೆದಿರಲಿಲ್ಲ. ಕೊನೆಗೆ ಬಳೆ ಅಜ್ಜಿ ಹೋಗಿ ಅಧ್ಯಕ್ಷರ ಕೈ ಹಿಡಿದು, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ವಿಚಾರಿಸುತ್ತಾ ಅವರನ್ನು ನೆಲಕ್ಕೆ ಇಳಿಸಿದಳು.

ಅತಿಥಿಗಳು ಹೋದಮೇಲೆ ಮಧ್ಯಾಹ್ನ ಒಂದರಿಂದ ಮೂರು ವಿಶ್ರಾಂತಿ. ಇಡೀ ದಿನದಲ್ಲಿ ನನಗೆ ನಿಜಕ್ಕೂ ಕಷ್ಟವಾದದ್ದು ಆ ಎರಡು ಗಂಟೆ. ನಿದ್ದೆ ಬರಲಿಲ್ಲ. ಎದ್ದು ಓಡಾಡಬಾರದು ಎಂದು ನಿಯಮ. ಗಿರಣಿಯ ಕಿಟಕಿಗಳು ಮೇಲೆ ಇರುವುದರಿಂದ ಮಲಗಿದರೆ ಒಂದು ತುಂಡು ಆಕಾಶ, ಒಂದು ಕರೆಂಟಿನ ತಂತಿ ಮಾತ್ರ ಕಾಣುತ್ತಿತ್ತು. ಬಸ್ಸು ನಿಂತ ಸದ್ದು, ಯಾರೋ ಇಳಿದ ಸದ್ದು ಕೇಳಿಸಿತು; ಇಳಿದವರು ಯಾರು ಎಂದು ನೋಡಲು ಆಗಲಿಲ್ಲ. ಅಷ್ಟು ಸಣ್ಣ ವಿಷಯ ಗೊತ್ತಾಗಲಿಲ್ಲವೆಂದು ನನಗೆ ಅಳುವಷ್ಟು ಸಿಟ್ಟು ಬಂತು. ಪಕ್ಕದ ಮಂಚಕ್ಕೆ ತಿರುಗಿ, "ಅಜ್ಜಾರೆ, ದಿನಾ ಈ ಹೊತ್ತಲ್ಲಿ ಏನು ಮಾಡ್ತೀರಿ?" ಎಂದು ಕೇಳಿದೆ.

"ಆರು ಏಳರ ಗಡಿ ಕಾಯ್ತೀನಿ" ಎಂದರು. "ಅದೊಂದು ತಕರಾರು ಇಲ್ಲದಿದ್ರೆ ಹೊತ್ತು ಹೋಗೋದು ಹ್ಯಾಗೆ ಹೇಳಿ."

ನಾಲ್ಕಕ್ಕೆ ಟೀಚರಮ್ಮ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು, ಹತ್ತನೇ ಮಂಚಕ್ಕೆ ಹೋಗಿ ಮಲಗಿ ಗೊರಕೆ ಹೊಡೆದರು. ಚಹಕ್ಕೆ ಎದ್ದಮೇಲೆ ಎಲ್ಲರೂ ಸೇರಿದೆವು. ಈ ಸಲ ನಾನು ಏನು ಬೇಕು ಎಂದು ಕೇಳಲಿಲ್ಲ. ನನಗೆ ಲೈಟು ಕಣ್ಣಿಗೆ ಚುಚ್ಚಿತು, ಮಂಚ ಎತ್ತರ, ಕಿಟಕಿಯಿಂದ ಏನೂ ಕಾಣಲ್ಲ, ಬೆಳಗಿನ ಪ್ರಶ್ನೆಗೆ ನಾಚಿಕೆಯಾಯಿತು ಎಂದು ನನ್ನ ದೂರುಗಳನ್ನೇ ಹೇಳಿದೆ. "ಅಯ್ಯ, ನಿಮಗೂ ಹಂಗ ಆತೇನು" ಎಂದು ಒಬ್ಬರು ಶುರು ಮಾಡಿದರು. ಆಮೇಲೆ ಚಹ ಆರಿಹೋಗುವವರೆಗೆ ಯಾರೂ ನಿಲ್ಲಿಸಲಿಲ್ಲ. ಮಾತ್ರೆಗಳ ವಿಷಯವೂ ಹೊರಗೆ ಬಂತು. ಖಾಲಿ ಚಹದ ಮೇಲೆ ನುಂಗಿದರೆ ಹೊಟ್ಟೆ ತೊಳಸುತ್ತದಂತೆ, ತಿಂಡಿ ಆದಮೇಲೆ ಕೊಟ್ಟರೆ ತೊಂದರೆ ಇಲ್ಲವಂತೆ. ಡಾಕ್ಟರನ್ನು ಕೇಳಿದೆ. ಹಾಗೆ ಕೊಡಬಹುದು, ಕೆಲವನ್ನು ಹಾಗೇ ಕೊಡಬೇಕು ಎಂದರು. ಆರು ವರ್ಷ ನಾನು ಯಾಕೆ ಕೇಳಿರಲಿಲ್ಲವೋ.

ಬಡಗಿಯನ್ನು ಕರೆಸಿ ಮಂಚದ ಕಾಲು ಕತ್ತರಿಸಿದೆವು. ಅಳತೆ ಸರ್ವೆಯರ್ ಅಜ್ಜನದು. ಒಬ್ಬೊಬ್ಬರ ಮೊಣಕಾಲಿನಿಂದ ಪಾದದವರೆಗೆ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಂಡರು. ಬಡಗಿ ನಾಲ್ಕನೇ ಮಂಚದ ಒಂದು ಕಾಲನ್ನು ಎರಡು ಬೆರಳು ಹೆಚ್ಚಿಗೆ ಕೊಯ್ದುಬಿಟ್ಟ. ಸರಿಮಾಡಿಸಲು ಹೋದರೆ ಅದರ ಮೇಲೆ ಮಲಗುವ ಅಜ್ಜ ಬಿಡಲಿಲ್ಲ. ಸಣ್ಣಗೆ ತೂಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದರು. ಕಿಟಕಿಗಳ ವಿಷಯದಲ್ಲಿ ಗೋಡೆ ಒಡೆಯುವುದು ಆಗಲಿಲ್ಲ. ರಸ್ತೆ ಕಾಣುವ ಹಾಗೆ ಜಗಲಿಗೆ ಮಧ್ಯಾಹ್ನ ಕುರ್ಚಿ ಹಾಕಿಸಿದೆ. ಈಗ ಯಾವ ಬಸ್ಸಿಂದ ಯಾರು ಇಳಿದರು, ಕೈಯಲ್ಲಿ ಏನಿತ್ತು ಎಂಬುದೆಲ್ಲ ಅವರಿಗೆ ಗೊತ್ತು. ಇಳಿದವರಿಗೆ ಇದು ಅಷ್ಟು ಇಷ್ಟವಿಲ್ಲ.

ಬಳೆ ಅಜ್ಜಿ ದಿನಾ ತಿಂಡಿ ಆದಮೇಲೆ ಆಯಾಗೂ ನನಗೂ ಪಾಠ ಮಾಡಿದಳು. ಮೊದಲು ನಮ್ಮ ಕೈಗೆ ಚಿಕ್ಕ ಅಳತೆಯ ಗಾಜಿನ ಬಳೆ ತೊಡಿಸಿ ತೋರಿಸುವಳು, ಆಮೇಲೆ ನಾವು ಅವಳಿಗೆ ತೊಡಿಸಬೇಕು. ಒಡೆದರೆ ಅವತ್ತಿನ ಪಾಠದಲ್ಲಿ ಫೇಲು. ಆಯಾ ಬೇಗ ಪಾಸಾದಳು. ನಾನು ಹನ್ನೊಂದು ಬಳೆ ಒಡೆದೆ. ಆದರೆ ಮಣಿಕಟ್ಟಿನ ನೀಲಿ ಗುರುತುಗಳು ಒಬ್ಬೊಬ್ಬರಲ್ಲೇ ಮಾಸಿದವು, ಚರ್ಮ ತೆಳು ಎಂದು ಬರೆಯುವ ಸಂದರ್ಭವೇ ಬರಲಿಲ್ಲ.

ಎಲ್ಲವೂ ಸುಧಾರಿಸಿತು ಎಂದರೆ ಸುಳ್ಳಾಗುತ್ತದೆ. ಐದು ಗಂಟೆಗೆ ಎಬ್ಬಿಸುವುದನ್ನು ನಿಲ್ಲಿಸಿ, ಬೇಕಾದಾಗ ಏಳಿ ಎಂದೆ. ಎಂಟು ಜನ ನಾಲ್ಕೂವರೆಗೇ ಎದ್ದು ಕೂತರು. ಯಾರೂ ಎಬ್ಬಿಸದಿರುವುದರಿಂದ ಬೆಳಿಗ್ಗೆ ಬೈಯಲು ಯಾರೂ ಇಲ್ಲದಂತಾಯಿತು ಎಂದು ಒಬ್ಬ ಅಜ್ಜಿ ದೂರಿದಳು. ಅವಳಿಗೆ ಮಾತ್ರ ಈಗಲೂ ಐದಕ್ಕೆ ಹೋಗಿ ಎಬ್ಬಿಸುತ್ತೇನೆ, ಅವಳು ಬೈಯುತ್ತಾಳೆ.

ರಿಜಿಸ್ಟರಿನ ಪ್ರಶ್ನೆ ಇನ್ನೂ ದೊಡ್ಡ ತೊಡಕಾಯಿತು. ಕಿವಿಯಲ್ಲಿ ಮೆಲ್ಲಗೆ ಕೇಳಲು ಶುರು ಮಾಡಿದೆ. ಅರ್ಧ ಜನಕ್ಕೆ ಕೇಳಿಸದು. ಜೋರಾಗಿ ಕೇಳಿದರೆ ಚಾವಣಿ ಬಿಡದು. ಕೊನೆಗೆ ಎಲ್ಲರೂ ಕೂತು ಒಂದು ಸಂಕೇತ ಮಾಡಿಕೊಂಡರು. "ಬಸ್ಸು ಬಂತಾ?" ಎಂದು ನಾನು ಕೇಳಬೇಕು. ಬಂತು, ಇಲ್ಲ, ಲೇಟು, ಇವುಗಳಲ್ಲಿ ಯಾವುದಾದರೊಂದು ಹೇಳಬೇಕು. ಹಾಲಿನವನು ನಾಲ್ಕು ದಿನ ಏನೂ ಅರ್ಥವಾಗದೆ ಬೇಸರಪಟ್ಟುಕೊಂಡ. ಬಹಳ ಚೆನ್ನಾಗಿ ನಡೆಯುತ್ತಿತ್ತು, ಒಂಬತ್ತನೇ ಮಂಚದವರ ಅಳಿಯ ಬರುವವರೆಗೆ. ಅವರು ಮಾವನನ್ನು ನೋಡಿಕೊಂಡು ಸೊರಬಕ್ಕೆ ಹೊರಡುವ ಅವಸರದಲ್ಲಿದ್ದರು. ನಾನು ರಿಜಿಸ್ಟರು ಹಿಡಿದು ಕೇಳುತ್ತಾ ಬಂದೆ. ಒಬ್ಬರು "ನಿನ್ನೆಯಿಂದ ಬಸ್ಸೇ ಬಂದಿಲ್ಲ" ಎಂದರು, ಇನ್ನೊಬ್ಬರು "ನಂದು ಮೂರು ದಿನ ಆತು" ಎಂದರು, ಸ್ವತಃ ಮಾವನೇ "ಬರೋ ಹಂಗ ಆಕ್ಕತಿ, ಬರೂದಿಲ್ಲ" ಎಂದರು. ಅಳಿಯ ಹೊರಗೆ ಹೋಗಿ, ಸಿಕ್ಕ ಬೈಕಿನವನ ಹಿಂದೆ ಕೂತು ಹೊರಟುಹೋದರು. ಅವರು ಗೇಟು ದಾಟಿದ ಹತ್ತು ನಿಮಿಷಕ್ಕೆ ಸೊರಬದ ಬಸ್ಸು ಖಾಲಿ ಬಂದು ನಿಂತಿತು. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ.

ಅಧ್ಯಕ್ಷರ ಜೊತೆ ಬಂದಿದ್ದ ದಂಪತಿ ಕೆಲವು ತಿಂಗಳ ನಂತರ ತಮ್ಮ ಆಶ್ರಮವನ್ನು ಸಿದ್ಧಮಾಡಿದರು. ತೆರೆಯುವ ಮೊದಲು ಒಮ್ಮೆ ಬಂದು ನೋಡಬೇಕೆಂದು ಕಾರು ಕಳಿಸಿದರು. ನನ್ನನ್ನು ಕರೆಯಲು ಎಂದುಕೊಂಡು ಸೀರೆ ಬದಲಿಸಿ ಬಂದರೆ, ಕಾರಿನಲ್ಲಿ ಟೀಚರಮ್ಮ ಮತ್ತು ಸರ್ವೆಯರ್ ಅಜ್ಜ ಆಗಲೇ ಕೂತಿದ್ದರು. ಕರೆದದ್ದು ಅವರನ್ನು. ನಾನು ಕೈ ಬೀಸಿ ಕಳಿಸಿಕೊಟ್ಟೆ.

ಮಧ್ಯಾಹ್ನ ಮೂರಕ್ಕೆ ಆ ಹೆಂಗಸಿನ ಫೋನು ಬಂತು. ದನಿ ತೀರಾ ಸಣ್ಣಗಿತ್ತು.

"ಸಿಸ್ಟರ್, ಇಬ್ಬರೂ ಒಂದೊಂದೇ ಮಂಚ ಮಲಗಿ ನೋಡ್ತಾ ಬಂದ್ರು. ನಾಲ್ಕನೇದ್ರಲ್ಲಿ ಅಜ್ಜಾರು, ಐದನೇದ್ರಲ್ಲಿ ಟೀಚರಮ್ಮ ನಿದ್ದೆ ಮಾಡ್ಬಿಟ್ಟಿದಾರೆ. ಊಟ ಆಗಿದೆ. ಎಬ್ಬಿಸ್ಲಾ?"

"ಬೇಡಮ್ಮ" ಎಂದೆ. "ಅವರಾಗೇ ಏಳೋವರೆಗೂ ಬಿಡು."

"ಅಲ್ಲ, ನಮ್ಮವರು ಪಕ್ಕದಲ್ಲಿ ಮೊಳೆ ಹೊಡೀಬೇಕು ಅಂತಿದಾರೆ."

"ಮೊಳೆ ನಾಳೆ ಹೊಡೀಲಿ."

ಐದೂವರೆಗೆ ಎದ್ದು, ಚಹ ಕುಡಿದು, ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ವಾಪಸ್ ಬಂದರು. ಹೇಗಿದೆ ಎಂದು ಎಲ್ಲರೂ ಸುತ್ತ ಸೇರಿದೆವು. ಟೀಚರಮ್ಮ, ಹಾಸಿಗೆ ಪಾಸು, ಬೆಳಕು ಪಾಸು, ಊಟದ ಸಾರು ಮಾತ್ರ ಮರುಪರೀಕ್ಷೆಗೆ ಎಂದರು. ಸರ್ವೆಯರ್ ಅಜ್ಜ ಕೋಲು ಗೋಡೆಗೆ ಒರಗಿಸಿ ಒಂದು ಕಾಗದದಲ್ಲಿ ಅರ್ಜಿ ಬರೆಯುತ್ತಾ ಕೂತರು. ಏನಾಯಿತು ಅಜ್ಜಾರೆ ಎಂದು ಕೇಳಿದ್ದಕ್ಕೆ, ಇನ್ನೂ ಐದು ಮಂಚ ನೋಡುವುದು ಬಾಕಿ ಇತ್ತು, ಇಂಥ ಮೆತ್ತನೆಯ ಹಾಸಿಗೆ ಹಾಕಿ ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ್ದಾರೆ ಎಂದು ಬೇಸರದಿಂದ ಹೇಳಿ, ಮತ್ತೊಂದು ದಿನ ಗೊತ್ತುಮಾಡಿಸಿಕೊಡಿ ಎಂದು ನನ್ನ ಕಡೆ ಕಾಗದ ಚಾಚಿದರು.